ನಿವೃತ್ತರಿಗೆ ಕ್ರೂಸ್ ಒಗ್ಗುತ್ತಾ? ದುಡ್ಡು ಕಟ್ಟುವ ಮೊದಲು ಒಂದೊಂದಾಗಿ ನೋಡೋಣ

ರಾತ್ರಿ ಎರಡು ಗಂಟೆ ಇರಬಹುದು. ಹಡಗಿನ ಕೋಣೆಯಲ್ಲಿ ಕಗ್ಗತ್ತಲು. ನಮ್ಮ ಮನೆಯವರು ಬಚ್ಚಲಿಗೆ ಹೋಗಲು ಎದ್ದರು. ಬಚ್ಚಲಿನ ಬಾಗಿಲಲ್ಲಿ ಒಂದು ಹೊಸ್ತಿಲು. ನಮ್ಮ ಹಳ್ಳಿ ಮನೆಯ ಹೊಸ್ತಿಲಿನಷ್ಟೇ ಎತ್ತರ, ಆದರೆ ಉಕ್ಕಿನದು. ನೀರು ಹೊರಗೆ ಹರಿಯದಿರಲಿ ಅಂತ ಹಾಗೆ ಕಟ್ಟಿರುತ್ತಾರೆ. ಕಾಲು ತಗುಲಿ ಮುಗ್ಗರಿಸಿದರು. ಕೈಗೆ ವಾಶ್‌ಬೇಸಿನ್ ಸಿಕ್ಕಿತು, ಬೀಳಲಿಲ್ಲ. ಎರಡೂ ಮಂಡಿ ಸವೆದಿರುವ ಎಪ್ಪತ್ತೊಂದು ವರ್ಷದ ಮನುಷ್ಯ ಅಲ್ಲಿ ಬಿದ್ದಿದ್ದರೆ ಏನಾಗುತ್ತಿತ್ತು ಅಂತ ಬೆಳಗಿನವರೆಗೂ ನನಗೆ ನಿದ್ದೆ ಬರಲಿಲ್ಲ.

ಬುಕಿಂಗ್ ಮಾಡುವಾಗ ಈಜುಕೊಳ, ಊಟದ ಹಾಲ್, ನಾಟಕದ ರಂಗ ಎಲ್ಲದರ ಫೋಟೊ ನೋಡಿದ್ದೆ. ಆ ಹೊಸ್ತಿಲು ಯಾವುದರಲ್ಲೂ ಇರಲಿಲ್ಲ. ಈಗ ಯಾರಾದರೂ "ನಮ್ಮ ವಯಸ್ಸಿಗೆ ಕ್ರೂಸ್ ಆಗುತ್ತಾ?" ಅಂತ ಕೇಳಿದರೆ ನಾನು ವಯಸ್ಸು ಕೇಳುವುದಿಲ್ಲ. ರಾತ್ರಿ ಎಷ್ಟು ಸಲ ಏಳ್ತೀರಿ, ಒಂದು ಮಹಡಿ ಹತ್ತಿ ಇಳಿಯೋಕೆ ಆಗುತ್ತಾ, ದಿನಕ್ಕೆ ಎಷ್ಟು ಮಾತ್ರೆ ಅಂತ ಕೇಳುತ್ತೇನೆ. ಹಡಗು ನಮ್ಮ ಮೈಗೆ ಹೊಂದಿದರೆ ಎಂಬತ್ತರಲ್ಲೂ ಕ್ರೂಸ್ ಸುಖ. ಹೊಂದದಿದ್ದರೆ ಅರವತ್ತರಲ್ಲೇ ಕಷ್ಟ. ಹೊಂದುತ್ತದೋ ಇಲ್ಲವೋ ಅನ್ನುವುದನ್ನು ಮನೆಯಲ್ಲಿ ಕೂತೇ ಬಹುಪಾಲು ತಿಳಿದುಕೊಳ್ಳಬಹುದು.

ಮೊದಲು, ಇದು ಯಾರಿಗೆ ಹೇಳಿ ಮಾಡಿಸಿದ್ದು

ಬಸ್ಸಿನಲ್ಲಿ ಯೂರೋಪ್ ಟೂರ್ ಮಾಡಿದವರಿಗೆ ಗೊತ್ತಿರುತ್ತದೆ. ದಿನಾ ಬೆಳಗ್ಗೆ ಆರಕ್ಕೆ ಎದ್ದು ಸೂಟ್‌ಕೇಸ್ ಕಟ್ಟಬೇಕು, ಸಂಜೆ ಹೊಸ ಹೋಟೆಲ್‌ನಲ್ಲಿ ಮತ್ತೆ ಬಿಚ್ಚಬೇಕು. ಮೂರನೇ ದಿನಕ್ಕೆ ಸೊಂಟ ಹಿಡಿದುಕೊಂಡಿರುತ್ತದೆ. ಕ್ರೂಸ್‌ನಲ್ಲಿ ಸಾಮಾನು ಬಿಚ್ಚುವುದು ಒಂದೇ ಸಲ. ನಾವು ಮಲಗಿದ್ದಾಗ ಊರೇ ನಮ್ಮ ಹತ್ತಿರ ಬರುತ್ತದೆ. ಮಂಡಿ ನೋವಿರುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ.

ಇನ್ನೊಂದು ಲಾಭದ ಬಗ್ಗೆ ಜಾಸ್ತಿ ಜನ ಮಾತಾಡುವುದಿಲ್ಲ. ಗಂಡ ಹೆಂಡತಿ ಇಬ್ಬರಿಗೂ ಒಂದೇ ಶಕ್ತಿ ಇರುವುದಿಲ್ಲ, ಅಲ್ವಾ? ನನಗೆ ಇಳಿದು ಊರು ಸುತ್ತುವ ಆಸೆ. ಅವರಿಗೆ ಕೂತು ಸಮುದ್ರ ನೋಡುವ ಆಸೆ. ಹಡಗಿನಲ್ಲಿ ಎರಡೂ ನಡೆಯುತ್ತದೆ. ನಾನು ನಾಲ್ಕು ಗಂಟೆ ತಿರುಗಿ ಬಂದಾಗ ಅವರು ಊಟ ಮುಗಿಸಿ, ನಿದ್ದೆ ತೆಗೆದು, ಡೆಕ್ ಮೇಲೆ ಯಾರ ಜೊತೆಗೋ ಮಾತಾಡುತ್ತಾ ಕೂತಿರುತ್ತಿದ್ದರು. ಅವರೊಬ್ಬರೇ ಇದ್ದಾರಲ್ಲ ಅನ್ನುವ ಕೊರಗು ನನಗಿರಲಿಲ್ಲ. ನನ್ನನ್ನು ಕಟ್ಟಿಹಾಕಿದೆನಲ್ಲ ಅನ್ನುವ ಕೊರಗು ಅವರಿಗಿರಲಿಲ್ಲ.

ಯಾರಿಗೆ ಬೇಡ ಅನ್ನುವುದನ್ನೂ ನೇರವಾಗಿ ಹೇಳಿಬಿಡುತ್ತೇನೆ. ಈಚೆಗೆ ಹೃದಯಾಘಾತ, ಪಾರ್ಶ್ವವಾಯು ಅಥವಾ ದೊಡ್ಡ ಆಪರೇಷನ್ ಆದವರು ಡಾಕ್ಟರ್ ಸರಿ ಅನ್ನುವವರೆಗೆ ಹೊರಡಬಾರದು. ಡಯಾಲಿಸಿಸ್ ಮೇಲಿರುವವರಿಗೆ ಸಾಮಾನ್ಯ ಹಡಗುಗಳಲ್ಲಿ ಅದರ ವ್ಯವಸ್ಥೆ ಇರುವುದಿಲ್ಲ. ಮರೆವಿನ ಕಾಯಿಲೆ ಮುಂದುವರಿದವರನ್ನು ಒಬ್ಬರೇ ಬಿಡುವಂತಿಲ್ಲ. ಉದ್ದನೆಯ ಕಾರಿಡಾರ್‌ಗಳಲ್ಲಿ ಎಲ್ಲಾ ಬಾಗಿಲೂ ಒಂದೇ ಥರ ಕಾಣುತ್ತವೆ, ಗಟ್ಟಿಮುಟ್ಟಾಗಿರುವವರೇ ದಾರಿ ತಪ್ಪುತ್ತಾರೆ. ಒಂದು ಊರಲ್ಲಿ ನಾಲ್ಕು ದಿನ ನಿಂತು, ಅಲ್ಲಿನ ಗುಡಿ, ಸಂತೆ, ಜನ ಎಲ್ಲಾ ನೋಡಬೇಕು ಅನ್ನುವವರಿಗೂ ಇದು ಒಗ್ಗಲಿಕ್ಕಿಲ್ಲ. ಒಂದೊಂದು ಊರಿಗೆ ಸಿಗುವುದು ಆರೆಂಟು ಗಂಟೆ ಅಷ್ಟೇ.

ಡಾಕ್ಟರ್ ಹತ್ತಿರ ಹೋಗಿ ಕೇಳಬೇಕಾದದ್ದು

ಹಡಗಿನಲ್ಲಿ ಡಾಕ್ಟರ್ ಇರುತ್ತಾರೆ, ನರ್ಸ್ ಇರುತ್ತಾರೆ. ಇಸಿಜಿ, ಡ್ರಿಪ್, ಆಮ್ಲಜನಕ, ಸಣ್ಣಪುಟ್ಟ ರಕ್ತ ಪರೀಕ್ಷೆ ಇಷ್ಟು ಸಾಮಾನ್ಯವಾಗಿ ಸಿಗುತ್ತದೆ. ಅದು ನಮ್ಮ ಬಡಾವಣೆಯ ನರ್ಸಿಂಗ್ ಹೋಂ ಅಂದುಕೊಳ್ಳಿ, ದೊಡ್ಡಾಸ್ಪತ್ರೆ ಅಲ್ಲ. ಆಂಜಿಯೋಪ್ಲಾಸ್ಟಿ ಅಲ್ಲಿ ಆಗುವುದಿಲ್ಲ. ಕೇಸ್ ಗಂಭೀರವಾದರೆ ಮುಂದಿನ ಬಂದರಿನಲ್ಲಿ ಇಳಿಸುತ್ತಾರೆ, ಇಲ್ಲವೇ ಹೆಲಿಕಾಪ್ಟರ್ ಬರಬೇಕು. ಹಡಗಿನ ಡಾಕ್ಟರ್ ಫೀಸು ಟಿಕೆಟ್‌ನಲ್ಲಿ ಸೇರಿರುವುದಿಲ್ಲ. ವಿದೇಶಿ ಹಡಗಾದರೆ ಬಿಲ್ ಡಾಲರ್‌ನಲ್ಲಿ ಬರುತ್ತದೆ.

ನಿಮ್ಮ ಡಾಕ್ಟರ್ ಹತ್ತಿರ "ಪ್ರಯಾಣ ಮಾಡಬಹುದಾ" ಅಂತಷ್ಟೇ ಕೇಳಿದರೆ "ಹೋಗಿ ಬನ್ನಿ" ಅಂತಾರೆ. "ಎರಡು ದಿನ ಆಸ್ಪತ್ರೆ ಸಿಗದ ಜಾಗದಲ್ಲಿ ಇರಬಹುದಾ" ಅಂತ ಕೇಳಿ. ಆಗ ಅವರು ಫೈಲ್ ತೆಗೆದು ನೋಡುತ್ತಾರೆ.

ಸಮುದ್ರದ ವಾಂತಿಗೆ ಯಾವ ಮಾತ್ರೆ ಅನ್ನುವುದನ್ನೂ ಆಗಲೇ ಕೇಳಿ. ನಾವು ಘಾಟಿ ಹತ್ತುವಾಗ ತಗೊಳ್ಳುವ ಅವೊಮಿನ್ ಥರದ ಮಾತ್ರೆಗಳು ವಯಸ್ಸಾದವರಿಗೆ ಮಂಪರು, ತಲೆಸುತ್ತು, ಕೆಲವೊಮ್ಮೆ ಗೊಂದಲ ತರುತ್ತವೆ. ಪ್ರಾಸ್ಟೇಟ್ ತೊಂದರೆ ಅಥವಾ ಗ್ಲಾಕೋಮಾ ಇದ್ದರೆ ಇನ್ನೂ ಜಾಸ್ತಿ ಎಚ್ಚರ ಬೇಕು. ಪಕ್ಕದ ಮನೆಯವರು ಕೊಟ್ಟರು ಅಂತ ನುಂಗಬೇಡಿ.

ಯಾವ ಸಮುದ್ರ, ಎಷ್ಟು ದಿನ

ಮೊದಲ ಸಲಕ್ಕೆ ಎರಡು ಮೂರು ರಾತ್ರಿ ಸಾಕು. ಏಳು ರಾತ್ರಿಗೆ ಒಮ್ಮೆಲೇ ಕೈ ಹಾಕಬೇಡಿ. ನಿಮಗೆ ಸಮುದ್ರ ಒಗ್ಗುತ್ತದೋ ಇಲ್ಲವೋ ಅನ್ನುವುದು ಮೊದಲ ರಾತ್ರಿಯೇ ತಿಳಿಯುತ್ತದೆ.

ಹತ್ತಿರದ್ದು ಅಂದರೆ ಮುಂಬೈ. ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್ ಹಡಗು 2021ರ ಸೆಪ್ಟೆಂಬರ್‌ನಿಂದ ಅಲ್ಲಿಂದ ಹೊರಡುತ್ತಿದೆ. ಗೋವಾ, ಲಕ್ಷದ್ವೀಪ, ಕೊಚ್ಚಿ ಕಡೆಗೆಲ್ಲ ಹೋಗಿದೆ. ಬ್ಯಾಲಾರ್ಡ್ ಪಿಯರ್‌ನಲ್ಲಿ ಹೊಸ ಅಂತರರಾಷ್ಟ್ರೀಯ ಕ್ರೂಸ್ ಟರ್ಮಿನಲ್ 2025ರಲ್ಲಿ ಉದ್ಘಾಟನೆ ಆಗಿದೆ. ಮುಂಬೈನ ಸಿಎಸ್‌ಎಂಟಿ ರೈಲು ನಿಲ್ದಾಣದಿಂದ ಅದು ಹತ್ತಿರವೇ. ವೀಸಾ ರಗಳೆ ಇಲ್ಲ, ಊಟಕ್ಕೆ ಪರದಾಟ ಇಲ್ಲ, ಏನಾದರೂ ಆದರೆ ನಮ್ಮ ದೇಶದ್ದೇ ಆಸ್ಪತ್ರೆ. ಈ ಹಡಗು 1990ರಲ್ಲಿ ಕಟ್ಟಿದ್ದು. ಆ ಕಾಲದ ಹಡಗುಗಳಲ್ಲಿ ಕೋಣೆ, ಬಚ್ಚಲು ಈಗಿನ ಹೊಸ ಹಡಗುಗಳಿಗಿಂತ ಚಿಕ್ಕವು ಅನ್ನುವುದು ತಲೆಯಲ್ಲಿರಲಿ. ಒಳ್ಳೆಯ ವಿಷಯ ಅಂದರೆ ಹಡಗೂ ಚಿಕ್ಕದು, ನಡೆಯುವುದು ಕಡಿಮೆ. ಅಕ್ಟೋಬರ್‌ನಿಂದ ಮೇ ತನಕ ಹೋಗಿ, ಅದರಲ್ಲೂ ಡಿಸೆಂಬರ್‌ನಿಂದ ಮಾರ್ಚ್. ಮಳೆಗಾಲದಲ್ಲಿ ನಮ್ಮ ಅರಬ್ಬಿ ಸಮುದ್ರ ಹೇಗಿರುತ್ತೆ ಅಂತ ಮಂಗಳೂರು, ಕಾರವಾರದವರಿಗೆ ಹೇಳಿಕೊಡಬೇಕಾಗಿಲ್ಲ.

ಲಕ್ಷದ್ವೀಪದ ಬಗ್ಗೆ ಒಂದು ಮಾತು. ಆ ದ್ವೀಪಗಳ ಸುತ್ತ ಹವಳದ ದಿಬ್ಬ ಇದೆ, ದೊಡ್ಡ ಹಡಗು ದಡಕ್ಕೆ ಬರುವುದಿಲ್ಲ. ಹೊರಗೆ ನಿಲ್ಲುತ್ತದೆ. ಹಡಗಿನ ಪಕ್ಕದ ಬಾಗಿಲಿನಿಂದ ಚಿಕ್ಕ ದೋಣಿಗೆ ಇಳಿಯಬೇಕು. ದೋಣಿ ಮೇಲೆ ಕೆಳಗೆ ಕುಣಿಯುತ್ತಿರುತ್ತದೆ, ಅದು ಮೇಲೆ ಬಂದ ಕ್ಷಣಕ್ಕೆ ಕಾಲಿಡಬೇಕು. ಸಿಬ್ಬಂದಿ ಎರಡೂ ತೋಳು ಹಿಡಿದು ಇಳಿಸುತ್ತಾರೆ, ನಿಜ. ಆದರೂ ಮಂಡಿ ಮಡಚಲು ಆಗದವರಿಗೆ ಇದು ಭಯದ ಕೆಲಸ. ನೀರು ತೀರ ಹೊಯ್ದಾಡಿದರೆ ಇಳಿಸುವುದನ್ನೇ ರದ್ದು ಮಾಡುತ್ತಾರೆ.

ಹೀಗೆ ದೋಣಿಯಲ್ಲಿ ಇಳಿಸುವ ಬಂದರಿಗೆ 'ಟೆಂಡರ್ ಪೋರ್ಟ್' ಅನ್ನುತ್ತಾರೆ. ಈ ಒಂದು ಪದ ನೆನಪಿಟ್ಟುಕೊಳ್ಳಿ. ಯಾವ ಕ್ರೂಸ್ ತಗೊಂಡರೂ, ಪ್ರತಿ ಬಂದರಿನ ಹೆಸರು ಹೇಳಿ "ಹಡಗು ದಡಕ್ಕೆ ತಾಗುತ್ತಾ, ಟೆಂಡರಾ?" ಅಂತ ಏಜೆಂಟ್ ಬಳಿ ಕೇಳಿ. ಗ್ರೀಸ್‌ನ ಸ್ಯಾಂಟೊರಿನಿಯ ಬಿಳಿ ಮನೆಗಳ ಫೋಟೊ ನೋಡದವರಿಲ್ಲ. ಅಲ್ಲಿ ದೋಣಿಯಲ್ಲಿ ಹಳೇ ಬಂದರಿಗೆ ಇಳಿಸಿದರೆ, ಊರು ಇರುವುದು ಕಡಿದಾದ ಬಂಡೆಯ ತುದಿಯಲ್ಲಿ. ಸುಮಾರು 580 ಮೆಟ್ಟಿಲು, ಇಲ್ಲ ಕತ್ತೆ, ಇಲ್ಲ ಕೇಬಲ್ ಕಾರ್. ನಾಲ್ಕೈದು ಹಡಗು ಒಟ್ಟಿಗೆ ಬಂದ ದಿನ ಕೇಬಲ್ ಕಾರ್ ಸಾಲಿನಲ್ಲಿ ಬಿಸಿಲಿಗೆ ನಿಲ್ಲಬೇಕು.

ಎರಡನೇ ಹೆಜ್ಜೆಗೆ ಸಿಂಗಪುರ ಚೆನ್ನ. ಬೆಂಗಳೂರಿನಿಂದ ನೇರ ವಿಮಾನ, ನಾಲ್ಕೂವರೆ ಗಂಟೆ. ಮರೀನಾ ಬೇ ಟರ್ಮಿನಲ್‌ನಲ್ಲಿ ವೀಲ್‌ಚೇರ್ ಹಡಗಿನ ಬಾಗಿಲವರೆಗೂ ಉರುಳುತ್ತದೆ. ಪೆನಾಂಗ್, ಫುಕೆಟ್ ಕಡೆಗೆ ಮೂರು ನಾಲ್ಕು ರಾತ್ರಿಯ ಸುತ್ತುಗಳು ವರ್ಷವಿಡೀ ಸಿಗುತ್ತವೆ, ಮಲಾಕ್ಕಾ ಜಲಸಂಧಿ ಹೆಚ್ಚಿನ ದಿನ ಶಾಂತ. ನಾವು ಶುರು ಮಾಡಿದ್ದು ಇಲ್ಲಿಂದಲೇ. ಮಕ್ಕಳ ರಜೆಯ ದಿನಗಳನ್ನು ಮಾತ್ರ ತಪ್ಪಿಸಿ. ಲಿಫ್ಟಿಗೆ ಹತ್ತು ನಿಮಿಷ ಕಾಯಬೇಕಾಗುತ್ತದೆ.

ಅಮೆರಿಕದಲ್ಲಿ ಮಕ್ಕಳಿರುವವರಿಗೆ ಅಲಾಸ್ಕಾ. ನನ್ನ ಮಟ್ಟಿಗೆ ವಯಸ್ಸಾದವರಿಗೆ ಇದರಷ್ಟು ಹೇಳಿ ಮಾಡಿಸಿದ ಕ್ರೂಸ್ ಇನ್ನೊಂದಿಲ್ಲ. ಹಿಮನದಿ ನೋಡಲು ಹಡಗಿನಿಂದ ಇಳಿಯಬೇಕಾಗೇ ಇಲ್ಲ. ಗ್ಲೇಸಿಯರ್ ಬೇ ಒಳಗೆ ಹಡಗು ನಿಧಾನಕ್ಕೆ ಹೋಗಿ ಹಿಮದ ಗೋಡೆಯ ಮುಂದೆ ನಿಲ್ಲುತ್ತದೆ. ಕಂಬಳಿ ಹೊದ್ದು, ಕೈಯಲ್ಲಿ ಬಿಸಿ ಚಾಕೊಲೇಟ್ ಹಿಡಿದು ನೋಡಬಹುದು. ಹೊರಡುವ ಊರು ಮಾತ್ರ ಯೋಚಿಸಿ ಆರಿಸಿ. ಕೆನಡಾದ ವ್ಯಾಂಕೂವರ್‌ನಿಂದ ಹೊರಡುವ ಹಡಗುಗಳು ದ್ವೀಪಗಳ ಮರೆಯಲ್ಲಿ, ಇನ್‌ಸೈಡ್ ಪ್ಯಾಸೇಜ್ ಮೂಲಕ ಹೋಗುತ್ತವೆ, ನೀರು ಶಾಂತ. ಸಿಯಾಟಲ್‌ನಿಂದ ಹೊರಡುವವು ಹೆಚ್ಚಾಗಿ ವ್ಯಾಂಕೂವರ್ ದ್ವೀಪದ ಹೊರಗಡೆಯಿಂದ, ತೆರೆದ ಪೆಸಿಫಿಕ್‌ನಲ್ಲಿ ಹೋಗುತ್ತವೆ. ಮೊದಲ ರಾತ್ರಿಯೇ ತೂಗಾಟ. ಮೇ ತಿಂಗಳಿಂದ ಆಗಸ್ಟ್ ಒಳಗೆ ಹೋಗಿ ಬಂದರೆ ಒಳ್ಳೆಯದು.

ನದಿಯ ಕ್ರೂಸ್ ಬಗ್ಗೆಯೂ ಕೇಳುತ್ತಾರೆ. ವಾರಾಣಸಿಯಿಂದ ದಿಬ್ರುಗಢದವರೆಗೆ 51 ದಿನ, 3,200 ಕಿಲೋಮೀಟರ್ ಹೋದ ಗಂಗಾ ವಿಲಾಸ್ 2023ರ ಜನವರಿಯಲ್ಲಿ ಹೊರಟಾಗ ಎಲ್ಲರ ಬಾಯಲ್ಲೂ ಅದೇ ಮಾತಿತ್ತು. ನದಿಯಲ್ಲಿ ವಾಂತಿ ಭಯ ಇಲ್ಲವೇ ಇಲ್ಲ ಅನ್ನಬಹುದು. ಆದರೆ ನದಿ ಹಡಗು ಚಿಕ್ಕದು. ಕೆಲವದರಲ್ಲಿ ಲಿಫ್ಟ್ ಇರುವುದಿಲ್ಲ, ದಡಕ್ಕೆ ಹಲಗೆ ಮೇಲೆ ನಡೆದು ಇಳಿಯಬೇಕು. ಲಿಫ್ಟ್ ಇದೆಯಾ ಅಂತ ಕೇಳದೆ ದುಡ್ಡು ಕಟ್ಟಬೇಡಿ.

ಕೋಣೆ ಆರಿಸುವುದು: ಇಲ್ಲಿ ಉಳಿಸಲು ಹೋಗಬೇಡಿ

ಮಕ್ಕಳು ಹೇಳುತ್ತಾರೆ, "ಕೋಣೆಯಲ್ಲಿ ಮಲಗೋಕೆ ಮಾತ್ರ ಹೋಗೋದು, ಕಿಟಕಿ ಯಾಕೆ?" ಅವರ ವಯಸ್ಸಿಗೆ ಅದು ಸರಿ. ನಾವು ಮಧ್ಯಾಹ್ನ ಎರಡು ಗಂಟೆ ಮಲಗುತ್ತೇವೆ, ರಾತ್ರಿ ಮೂರು ಸಲ ಏಳುತ್ತೇವೆ. ಕಿಟಕಿ ಇಲ್ಲದ ಒಳಗಿನ ಕೋಣೆಯಲ್ಲಿ ಬೆಳಗೋ ರಾತ್ರಿಯೋ ತಿಳಿಯುವುದಿಲ್ಲ. ಕನಿಷ್ಠ ಕಿಟಕಿ ಇರುವ ಕೋಣೆ ತಗೊಳ್ಳಿ, ಸಾಧ್ಯವಾದರೆ ಬಾಲ್ಕನಿ. ಒಬ್ಬರು ಮಲಗಿದ್ದಾಗ ಇನ್ನೊಬ್ಬರು ಹೊರಗೆ ಕೂರಬಹುದು. ಬೇಕಾದರೆ ಎರಡು ದಿನ ಕಡಿಮೆ ಹೋಗಿ.

ಜಾಗ ಎಲ್ಲಿ? ಹಡಗಿನ ನಡುವೆ, ಕೆಳಗಿನ ಮಹಡಿಗಳಲ್ಲಿ. ತಕ್ಕಡಿ ಕೋಲಿನ ಥರ, ತುದಿಗಳು ಜಾಸ್ತಿ ತೂಗುತ್ತವೆ, ನಡು ಅಷ್ಟಾಗಿ ಅಲ್ಲಾಡುವುದಿಲ್ಲ. ಲಿಫ್ಟ್‌ನಿಂದ ನಾಲ್ಕೈದು ಕೋಣೆ ದೂರ ಇರಲಿ, ತೀರಾ ಪಕ್ಕ ಬೇಡ, ಗಲಾಟೆ. ದೊಡ್ಡ ಹಡಗು 350 ಮೀಟರ್‌ಗಿಂತಲೂ ಉದ್ದ ಇರಬಹುದು. ತುದಿಯ ಕೋಣೆ ಸಿಕ್ಕಿ, ಊಟದ ಹಾಲ್ ಇನ್ನೊಂದು ತುದಿಯಲ್ಲಿದ್ದರೆ ಮೂರು ಹೊತ್ತಿನ ಊಟಕ್ಕೆ ಎರಡು ಕಿಲೋಮೀಟರ್ ನಡೆದ ಹಾಗಾಯಿತು. ಮೇಲೆ ಕೆಳಗೆ ಎರಡೂ ಕಡೆ ಕೋಣೆಗಳೇ ಇರುವ ಮಹಡಿ ನೋಡಿ. ಡ್ಯಾನ್ಸ್ ಹಾಲ್ ಕೆಳಗೆ ಕೋಣೆ ಸಿಕ್ಕರೆ ರಾತ್ರಿ ಒಂದರವರೆಗೆ ಜಾಗರಣೆ. "ಕೋಣೆ ನಾವೇ ಕೊಡುತ್ತೇವೆ" ಅನ್ನುವ ಅಗ್ಗದ ಟಿಕೆಟ್ ಬೇಡ. ನಂಬರ್ ನೋಡಿ, ನಕ್ಷೆ ನೋಡಿ, ನೀವೇ ಆರಿಸಿ.

ಈಗ ಆ ಹೊಸ್ತಿಲಿನ ವಿಷಯ. ಹೊಸ್ತಿಲಿಲ್ಲದ, ಅಗಲ ಬಾಗಿಲಿನ, ಗೋಡೆಗೆ ಹಿಡಿಕೆ, ಸ್ನಾನಕ್ಕೆ ಕೂರುವ ಮಣೆ ಇರುವ ಕೋಣೆಗಳು ಎಲ್ಲಾ ಹೊಸ ಹಡಗುಗಳಲ್ಲೂ ಇವೆ. ಸಂಖ್ಯೆ ತುಂಬಾ ಕಡಿಮೆ, ಬೇಗ ತುಂಬುತ್ತವೆ. ವೀಲ್‌ಚೇರ್ ಅಥವಾ ವಾಕರ್ ಬಳಸುವವರಾದರೆ ಎಂಟ್ಹತ್ತು ತಿಂಗಳು ಮೊದಲೇ ಕೇಳಿ. ಅಷ್ಟು ತೊಂದರೆ ಇಲ್ಲದವರು, ನಮ್ಮ ಮನೆಯವರ ಥರ, ಸಾಮಾನ್ಯ ಕೋಣೆಯಲ್ಲೇ ಇರಬಹುದು. ಆ ರಾತ್ರಿಯ ಮೇಲೆ ನಾವು ಮಾಡಿದ್ದು ಇಷ್ಟೇ. ಬಚ್ಚಲಿನ ದೀಪ ಹಚ್ಚಿಟ್ಟು ಬಾಗಿಲು ಒಂಚೂರು ತೆರೆದು ಮಲಗಿದೆವು. ಹೊಸ್ತಿಲ ಮೇಲೆ ಬಿಳಿ ಟವೆಲ್ ಹಾಸಿದೆವು, ಕತ್ತಲಲ್ಲೂ ಎದ್ದು ಕಾಣುತ್ತದೆ. ಮುಂದಿನ ಪ್ರಯಾಣಕ್ಕೆ ಬ್ಯಾಟರಿಯ ಪುಟ್ಟ ದೀಪ ತಗೊಂಡು ಹೋದೆವು. ಮೈ ಅಲ್ಲಾಡಿದರೆ ತಾನೇ ಹತ್ತಿಕೊಳ್ಳುವಂಥದ್ದು.

ದುಡ್ಡಿನ ಲೆಕ್ಕ

ಜಾಹೀರಾತಿನ ಬೆಲೆ ಒಬ್ಬರಿಗೆ, ಅದೂ ಇಬ್ಬರು ಒಂದು ಕೋಣೆಯಲ್ಲಿದ್ದರೆ. ಒಬ್ಬರೇ ಹೋಗುವವರು ಬಹಳ ಕಡೆ ಎರಡೂ ಜಾಗದ ದುಡ್ಡು ಕೊಡಬೇಕಾಗುತ್ತದೆ. ಒಂಟಿಯಾಗಿರುವ ಅಕ್ಕ ತಂಗಿಯರು, ಹಳೇ ಸಹೋದ್ಯೋಗಿಗಳು ಜೊತೆಯಾಗಿ ಹೋಗುವುದು ಅದಕ್ಕೇ ಜಾಣತನ. ಟಿಕೆಟ್ ಮೇಲೆ ಬಂದರು ತೆರಿಗೆ ಬರುತ್ತದೆ. ವಿದೇಶಿ ಹಡಗುಗಳಲ್ಲಿ ಸಿಬ್ಬಂದಿಗೆ ಟಿಪ್ಸ್ ಅಂತ ದಿನಕ್ಕೆ ತಲಾ ಇಷ್ಟು ಡಾಲರ್ ತಾನಾಗಿ ಸೇರಿಕೊಳ್ಳುತ್ತದೆ. ಇಂಟರ್ನೆಟ್, ಬಾಟಲ್ ಪಾನೀಯ, ಬಟ್ಟೆ ಒಗೆಯುವುದು, ಊರು ಸುತ್ತುವ ಬಸ್ಸು ಎಲ್ಲಾ ಬೇರೆ. ಟಿಕೆಟ್ ದುಡ್ಡಿನ ಅರ್ಧದಷ್ಟನ್ನು ಪಕ್ಕಕ್ಕಿಟ್ಟುಕೊಂಡು ಹೊರಟರೆ ನಿಶ್ಚಿಂತೆ.

ಹಡಗಿನೊಳಗೆ ನೋಟು ನಡೆಯುವುದಿಲ್ಲ, ಒಂದು ಕಾರ್ಡ್ ಕೊಡುತ್ತಾರೆ, ಎಲ್ಲಾ ಅದಕ್ಕೇ ಹೋಗುತ್ತದೆ. ದಿನ ಬಿಟ್ಟು ದಿನ ರಿಸೆಪ್ಷನ್‌ನಲ್ಲಿ ಬಿಲ್ ಪ್ರಿಂಟ್ ತಗೊಂಡು ನೋಡಿ. ವಿದೇಶ ಪ್ರವಾಸದ ಪ್ಯಾಕೇಜ್ ಮೇಲೆ ಟಿಸಿಎಸ್ ಅಂತ ಒಂದು ತೆರಿಗೆಯನ್ನು ಪ್ಯಾಕೇಜ್ ಮಾರುವವರೇ ಇಲ್ಲೇ ಹಿಡಿಯುತ್ತಾರೆ. ರಸೀದಿ ಇಟ್ಟುಕೊಂಡು ಐಟಿ ರಿಟರ್ನ್ಸ್‌ನಲ್ಲಿ ತೋರಿಸಿದರೆ ಅದು ನಿಮ್ಮ ತೆರಿಗೆಗೆ ಜಮಾ ಆಗುತ್ತದೆ, ಇಲ್ಲವೇ ವಾಪಸ್ ಬರುತ್ತದೆ. ಪಿಂಚಣಿದಾರರು ಇದನ್ನು ಮರೆಯಬಾರದು.

ವೀಸಾ, ವಿಮೆ

ಹಡಗು ಹತ್ತಿದ ಕೂಡಲೇ ನೀವು ಆ ದೇಶ ಬಿಟ್ಟ ಹಾಗೆ. ವಾಪಸ್ ಇಳಿಯುವಾಗ ಎರಡನೇ ಸಲ ಪ್ರವೇಶ. ಹಾಗಾಗಿ ವೀಸಾ ಒಂದಕ್ಕಿಂತ ಜಾಸ್ತಿ ಸಲ ಪ್ರವೇಶ ಕೊಡುವಂಥದ್ದೇ ಬೇಕು. ಸಿಂಗಪುರದಲ್ಲಿ ದೇಶದೊಳಗೆ ಬರುವಾಗ ತುಂಬುವ ಫಾರಂ, ಅಂದರೆ ಅರೈವಲ್ ಕಾರ್ಡನ್ನೂ ಎರಡನೇ ಸಲ ತುಂಬಬೇಕು. ಗ್ರೀಸ್‌ನಿಂದ ಹೊರಟು ಟರ್ಕಿಗೆ ಹೋಗಿ ಬಂದರೆ, ಯೂರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಕೊಡುವ ಷೆಂಗೆನ್ ವೀಸಾಕ್ಕೂ ಇದೇ ಕಥೆ. ಸಿಯಾಟಲ್‌ನಿಂದ ಹೋಗಿ ಬರುವ ಅಲಾಸ್ಕಾ ಕ್ರೂಸ್ "ಬರೀ ಅಮೆರಿಕ" ಅಂತ ಮಕ್ಕಳು ಅಂದುಕೊಂಡಿರುತ್ತಾರೆ. ಅಲ್ಲ. ವಿದೇಶಿ ಧ್ವಜದ ಹಡಗು ನಡುವೆ ಬೇರೆ ದೇಶದ ಬಂದರಿಗೆ ಹೋಗಲೇಬೇಕು ಅನ್ನುವ 1886ರ ಕಾನೂನೊಂದು ಅಲ್ಲಿದೆ. ಅದಕ್ಕೇ ಹಡಗು ಕೆನಡಾದ ವಿಕ್ಟೋರಿಯಾದಲ್ಲಿ ಕೆಲವು ಗಂಟೆ ನಿಲ್ಲುತ್ತದೆ. ನೀವು ಇಳಿಯದಿದ್ದರೂ ಭಾರತದ ಪಾಸ್‌ಪೋರ್ಟ್‌ಗೆ ಕೆನಡಾ ವೀಸಾ ಬೇಕು. ಅದಿಲ್ಲದಿದ್ದರೆ ಸಿಯಾಟಲ್‌ನಲ್ಲೇ ಹತ್ತಿಸುವುದಿಲ್ಲ.

ವಿಮೆ ಕೊಳ್ಳುವಾಗ ಮೂರು ಮಾತು ಬರಹದಲ್ಲಿ ಕೇಳಿ. ಕ್ರೂಸ್‌ಗೆ ಅನ್ವಯಿಸುತ್ತಾ? ಸಮುದ್ರದಿಂದ ಆಸ್ಪತ್ರೆಗೆ ಸಾಗಿಸುವ ಖರ್ಚು ಕೊಡ್ತೀರಾ? ಈಗಾಗಲೇ ಇರುವ ಕಾಯಿಲೆಗೆ ಎಷ್ಟು? ಬಿಪಿ, ಶುಗರ್, ಸ್ಟೆಂಟ್ ಯಾವುದನ್ನೂ ಮುಚ್ಚಿಡಬೇಡಿ. ನೂರಿನ್ನೂರು ರೂಪಾಯಿ ಪ್ರೀಮಿಯಂ ಉಳಿಸಲು ಹೋಗಿ ಕ್ಲೇಮ್ ಪೂರ್ತಿ ತಿರಸ್ಕಾರ ಆದವರನ್ನು ನಾನು ಬಲ್ಲೆ.

ಗಂಟು ಕಟ್ಟುವಾಗ

ಔಷಧಿ ಎಲ್ಲಾ ಕೈಚೀಲದಲ್ಲಿ. ಇದರಲ್ಲಿ ರಾಜಿ ಬೇಡ. ದೊಡ್ಡ ಸೂಟ್‌ಕೇಸ್ ಬಂದರಿನಲ್ಲಿ ತಗೊಂಡು ಹೋಗಿ ಕೋಣೆ ಬಾಗಿಲಿಗೆ ತಲುಪಿಸುವುದು ಸಂಜೆ ಏಳಾದರೂ ಆಗಬಹುದು. ಮಧ್ಯಾಹ್ನದ ಮಾತ್ರೆ ಅದರೊಳಗೆ ಸಿಕ್ಕಿಕೊಂಡಿದ್ದರೆ ಏನು ಮಾಡ್ತೀರಿ? ಹೋಗುವ ದಿನಕ್ಕಿಂತ ಒಂದು ವಾರದ ಔಷಧಿ ಜಾಸ್ತಿ ಇರಲಿ. ಡಾಕ್ಟರ್ ಚೀಟಿಯಲ್ಲಿ ಮಾತ್ರೆಯ ಮೂಲ ಹೆಸರು ಬರೆಸಿ, ನಮ್ಮ ಬ್ರ್ಯಾಂಡ್ ಹೆಸರು ಹೊರದೇಶದಲ್ಲಿ ಯಾರಿಗೂ ತಿಳಿಯುವುದಿಲ್ಲ. ಇನ್ಸುಲಿನ್ ಇದ್ದರೆ ಕೋಣೆಯ ಮಿನಿ ಫ್ರಿಜ್ ನಂಬಬೇಡಿ, ಎಷ್ಟೋ ಕಡೆ ಅದು ತಂಪು ಪೆಟ್ಟಿಗೆ ಅಷ್ಟೇ. ಔಷಧಿಗೆ ಫ್ರಿಜ್ ಬೇಕು ಅಂತ ಮೊದಲೇ ಬರೆದು ಕೇಳಿದರೆ ಕೊಡುತ್ತಾರೆ. ನಿದ್ದೆಯಲ್ಲಿ ಉಸಿರಾಟಕ್ಕೆ ಸಿಪಾಪ್ ಯಂತ್ರ ಬಳಸುವವರೂ ಮೊದಲೇ ತಿಳಿಸಿ.

ಎಲೆಕ್ಟ್ರಿಕ್ ಕೆಟಲ್, ಇಸ್ತ್ರಿ ಪೆಟ್ಟಿಗೆ ಬಹುತೇಕ ಹಡಗುಗಳಲ್ಲಿ ನಿಷೇಧ. ಬೆಂಕಿಯ ಭಯ. ತಪಾಸಣೆಯಲ್ಲಿ ತೆಗೆದಿಟ್ಟುಕೊಂಡು ಕೊನೆಯ ದಿನ ಕೊಡುತ್ತಾರೆ. ಬೆಳಗಿನ ಕಾಫಿ ಇಲ್ಲದೆ ಆಗದವರು ಇನ್‌ಸ್ಟಂಟ್ ಪುಡಿ ಮತ್ತು ಒಂದು ಸ್ಟೀಲ್ ಫ್ಲಾಸ್ಕ್ ಇಟ್ಟುಕೊಳ್ಳಿ. ರಾತ್ರಿ ಬಫೆಯಲ್ಲಿ ಬಿಸಿನೀರು ತುಂಬಿಸಿಟ್ಟರೆ ಬೆಳಗ್ಗೆ ಐದಕ್ಕೆ ಹಾಸಿಗೆ ಮೇಲೇ ಕಾಫಿ. ಬಚ್ಚಲಲ್ಲಿ ನಮ್ಮ ಥರ ನೀರಿನ ಪೈಪ್ ಇರುವುದಿಲ್ಲ. ಒಂದು ಪ್ಲಾಸ್ಟಿಕ್ ಚೊಂಬು ಅಥವಾ ಬಾಟಲಿಗೆ ಸಿಕ್ಕಿಸುವ ಮೂತಿ ತಗೊಳ್ಳಿ. ಇದು ಸಣ್ಣ ವಿಷಯ ಅನ್ನಿಸಬಹುದು, ನಮ್ಮವರಿಗೆ ಇಡೀ ಪ್ರವಾಸದ ನೆಮ್ಮದಿ ಇದರ ಮೇಲಿದೆ. ಅಡಿ ಜಾರದ ಚಪ್ಪಲಿ, ಒಂದು ಶಾಲು, ಬಾಗಿಲಿಗೆ ಅಂಟಿಸಲು ಒಂದು ಆಯಸ್ಕಾಂತದ ಬೊಂಬೆ. ಕೋಣೆಯ ಬಾಗಿಲು ಉಕ್ಕಿನದು, ಗಟ್ಟಿಯಾಗಿ ಕೂರುತ್ತದೆ. ನಾವು ಅಂಟಿಸಿದ್ದು ಚನ್ನಪಟ್ಟಣದ ಹಳದಿ ಆನೆ. ನಮ್ಮ ಮನೆಯವರು ನಂಬರ್ ನೋಡುವುದನ್ನೇ ಬಿಟ್ಟರು, ಆನೆ ಹುಡುಕಿಕೊಂಡು ಬರುತ್ತಿದ್ದರು.

ಹಡಗು ಹತ್ತಿದ ಮೇಲೆ

ಹೊರಡುವ ಊರಿಗೆ ಒಂದು ದಿನ ಮೊದಲೇ ಹೋಗಿ ಮಲಗಿ. ಅದೇ ದಿನದ ವಿಮಾನ ತಡವಾದರೆ ಹಡಗು ಕಾಯುವುದಿಲ್ಲ. ಬಂದರಿನಲ್ಲಿ ವೀಲ್‌ಚೇರ್ ಕೇಳಲು ಸಂಕೋಚ ಬೇಡ, ಅದು ಬಂದರಿನಿಂದ ಕೋಣೆಯವರೆಗೆ ಮಾತ್ರ ಸಿಗುತ್ತದೆ. ಆಮೇಲೂ ಬೇಕಿದ್ದರೆ ನಿಮ್ಮದೇ ತರಬೇಕು.

ಹತ್ತಿದ ದಿನವೇ ಸುರಕ್ಷತೆಯ ಕವಾಯತು ಇರುತ್ತದೆ. ಏಳು ಚಿಕ್ಕ, ಒಂದು ಉದ್ದ ಸೈರನ್ ಕೇಳಿದರೆ ಎಲ್ಲಿಗೆ ಹೋಗಬೇಕು ಅಂತ ತೋರಿಸುತ್ತಾರೆ. ಆ ಹೊತ್ತಿನಲ್ಲಿ ಲಿಫ್ಟ್ ಬಳಸುವಂತಿಲ್ಲ. "ನನಗೆ ಮೆಟ್ಟಿಲು ಆಗುವುದಿಲ್ಲ" ಅಂತ ಆಗಲೇ ಹೇಳಿ ಹೆಸರು ಬರೆಸಿ. ಸಹಾಯಕ್ಕೆ ಒಬ್ಬರನ್ನು ಗೊತ್ತು ಮಾಡುತ್ತಾರೆ.

ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿಬಿಡಿ. ನಡುಸಮುದ್ರದಲ್ಲಿ ಹಡಗಿನ ಉಪಗ್ರಹ ನೆಟ್‌ವರ್ಕ್‌ಗೆ ಅದು ತಾನಾಗಿ ಸೇರಿಕೊಂಡರೆ ಒಂದು ಕರೆಗೆ ನೂರಾರು ರೂಪಾಯಿ.

ಊಟದ ಚಿಂತೆ ಎಲ್ಲರಿಗೂ ಇರುತ್ತದೆ. ಬುಕಿಂಗ್‌ನಲ್ಲೇ ಸಸ್ಯಾಹಾರಿ ಅಂತ ಬರೆಸಿ. ಮೊದಲ ರಾತ್ರಿ ಊಟದ ಹಾಲ್‌ನ ಮುಖ್ಯಸ್ಥರನ್ನು ಕರೆದು ಮಾತಾಡಿ. ಗೋವಾ, ಮುಂಬೈ, ಕೇರಳ, ನಮ್ಮ ಮಂಗಳೂರು ಕಡೆಯವರು ಈ ಹಡಗುಗಳಲ್ಲಿ ತುಂಬಾ ಜನ ಕೆಲಸ ಮಾಡುತ್ತಾರೆ. ಅಲಾಸ್ಕಾ ಹಡಗಿನಲ್ಲಿ ಉಡುಪಿ ಕಡೆಯ ಹುಡುಗನೊಬ್ಬ ನಮ್ಮ ಮಾತು ಕೇಳಿಸಿಕೊಂಡು "ಮೊಸರನ್ನ ಬೇಕಾ ಅಮ್ಮ?" ಅಂದ. ಮರುದಿನದಿಂದ ದಿನಾ ರಾತ್ರಿ ಒಂದು ಬಟ್ಟಲು ಅನ್ನ, ಮೊಸರು, ಒಗ್ಗರಣೆ ಬಂತು. ಊಟದ ಮೊದಲ ಸರದಿ ಸಂಜೆ ಆರರ ಸುಮಾರಿಗೆ, ಶುಗರ್ ಇರುವವರಿಗೆ ಅದೇ ಒಳ್ಳೆಯದು. ಬಫೆಯಲ್ಲಿ ಉಪ್ಪು, ಸಿಹಿ ಎರಡೂ ಜಾಸ್ತಿ ಅನ್ನುವ ಎಚ್ಚರ ಇರಲಿ. ಊಟಕ್ಕೆ ಮೊದಲು ಸೋಪು ನೀರಿನಿಂದಲೇ ಕೈ ತೊಳೆಯಿರಿ. ಹಡಗುಗಳಲ್ಲಿ ವಾಂತಿ ಭೇದಿ ಹರಡುವ ನೊರೊವೈರಸ್‌ಗೆ ಸ್ಯಾನಿಟೈಜರ್ ಅಷ್ಟಾಗಿ ಕೆಲಸ ಮಾಡುವುದಿಲ್ಲ.

ಹೊಟ್ಟೆ ತೊಳೆಸಿದರೆ ಕೋಣೆಯೊಳಗೆ ಮುದುಡಿ ಮಲಗಬೇಡಿ. ನಡು ಭಾಗದ ಡೆಕ್‌ಗೆ ಬಂದು ದೂರದ ದಿಗಂತ ನೋಡುತ್ತಾ ಕೂತುಕೊಳ್ಳಿ. ಒಣ ಬಿಸ್ಕತ್ತು, ಶುಂಠಿ ಸಹಾಯ ಮಾಡುತ್ತದೆ. ಖಾಲಿ ಹೊಟ್ಟೆ ಇನ್ನೂ ಕೆಟ್ಟದ್ದು. ನಡೆಯುವಾಗ ಒಂದು ಕೈ ಸದಾ ಗೋಡೆಯ ಕಂಬಿ ಮೇಲಿರಲಿ.

ಬಂದರಿನಲ್ಲಿ ಇಳಿದು ಸುತ್ತಲು ಹಡಗಿನವರದ್ದೇ ಬಸ್ಸು ತಗೊಳ್ಳಿ, ಬೆಲೆ ಜಾಸ್ತಿ ಆದರೂ. ಅವರ ಬಸ್ಸು ತಡವಾದರೆ ಹಡಗು ಕಾಯುತ್ತದೆ, ನಿಮ್ಮ ಟ್ಯಾಕ್ಸಿ ತಡವಾದರೆ ಕಾಯುವುದಿಲ್ಲ. ಪ್ರತಿ ಸುತ್ತಾಟಕ್ಕೂ ಸುಲಭ, ಮಧ್ಯಮ, ಕಷ್ಟ ಅಂತ ಗುರುತಿರುತ್ತದೆ. ಸುಲಭದ್ದನ್ನೇ ಆರಿಸಿ. ಅಲಾಸ್ಕಾದ ಜುನೋ ಊರಿನ ಮೆಂಡನ್‌ಹಾಲ್ ಹಿಮನದಿಗೆ ಬಸ್ಸಿನಲ್ಲಿ ಹೋಗಿ, ಸಮತಟ್ಟಾದ ದಾರಿಯಲ್ಲಿ ಸ್ವಲ್ಪ ನಡೆದರೆ ಸಾಕು, ಎದುರಿಗೇ ಕಾಣುತ್ತದೆ. ಮಂಡಿ ನೋವಿನ ನಮ್ಮ ಮನೆಯವರು ಇಳಿದದ್ದು ಅಲ್ಲೊಂದೇ ಕಡೆ. ಬೆಂಚಿನ ಮೇಲೆ ಕೂತು ಮುಕ್ಕಾಲು ಗಂಟೆ ಆ ನೀಲಿ ಮಂಜು ನೋಡಿದರು, ಎದ್ದು ಬರಲು ಮನಸ್ಸೇ ಇರಲಿಲ್ಲ.

ಕೊನೆಯ ರಾತ್ರಿ ಸೂಟ್‌ಕೇಸ್ ಕಾರಿಡಾರ್‌ನಲ್ಲಿ ಇಡಲು ಹೇಳುತ್ತಾರೆ. ಬೆಳಗ್ಗೆ ಅದು ಸಿಗುವುದು ಬಂದರಿನಲ್ಲೇ. ಬೆಳಗಿನ ಮಾತ್ರೆ, ಹಲ್ಲಿನ ಸೆಟ್, ಕನ್ನಡಕ, ಪಾಸ್‌ಪೋರ್ಟ್, ಒಂದು ಜೊತೆ ಬಟ್ಟೆ ಕೈಚೀಲಕ್ಕೆ ಹಾಕಿಕೊಂಡ ಮೇಲೇ ಸೂಟ್‌ಕೇಸ್ ಹೊರಗಿಡಿ. ಇಳಿಯುವಾಗ ನೂಕುನುಗ್ಗಲು. ಕೊನೆಯ ಗುಂಪಿನ ಚೀಟಿ ಕೇಳಿ ತಗೊಂಡು, ನಿಧಾನಕ್ಕೆ ತಿಂಡಿ ಮುಗಿಸಿ ಇಳಿಯಿರಿ. ವಾಪಸ್ ವಿಮಾನ ಮಧ್ಯಾಹ್ನ ಎರಡರ ಮೇಲಿನದ್ದು ಇರಲಿ. ಬಾಗಿಲಿನ ಆನೆ ತೆಗೆದುಕೊಳ್ಳಲು ಮರೆಯಬೇಡಿ.